ಊದಿ ಕೊಟ್ಟ ಹಲ್ಲು

ಹನ್ನೆರಡು ವರ್ಷ ನನ್ನ ಬಾಯಲ್ಲಿದ್ದ ಹಲ್ಲು ಒಂದೂ ನನ್ನದಲ್ಲ, ಇಪ್ಪತ್ತೆಂಟೂ ನನ್ನ ಅಳಿಯನದು. ಹೀಗಂದರೆ ಜನ ನಗ್ತಾರೆ. ನಗಲಿ, ಅದಕ್ಕೇ ಹಾಗನ್ನೋದು. ಅವನ ಕಸುಬೇ ಹಲ್ಲಿನ ಸೆಟ್ಟು ಮಾಡೋದು. ಡಾಕ್ಟರಲ್ಲ. ಡಾಕ್ಟರುಗಳು ಕ್ಲಿನಿಕ್ಕಿನಲ್ಲಿ ಬಾಯಿಯ ಅಚ್ಚು ತೆಗೆದು ಕಳಿಸ್ತಾರೆ. ಇವನು ಮನೆಯ ಮುಂದಿನ ಕೋಣೆಯಲ್ಲಿ ಕೂತು ಆ ಅಚ್ಚಿಗೆ ಪ್ಲಾಸ್ಟರ್ ಸುರಿದು ದವಡೆ ಎಬ್ಬಿಸಿ, ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ತೀಡಿ, ಹೊಳಪು ಕೊಟ್ಟು ಡಬ್ಬಿಗೆ ಹಾಕ್ತಾನೆ. ಬೀದಿಯವರು ಅವನನ್ನ ದವಡೆ ಮೇಷ್ಟ್ರು ಅಂತ ಕರೀತಾರೆ. ನಮ್ಮ ಬೀದಿಯ ಮುದುಕ ಮುದುಕಿಯರಿಗೆಲ್ಲ ಅವನೇ ನೇರವಾಗಿ ಅಚ್ಚು ತೆಗೆದು ಮಾಡಿಕೊಟ್ಟಿದ್ದಾನೆ. ಡಾಕ್ಟರುಗಳಿಗೆ ಅದು ಗೊತ್ತು, ಗೊತ್ತಿಲ್ಲದ ಹಾಗೆ ಇರ್ತಾರೆ.

ನನ್ನನ್ನ ಬೀದಿಯವರು ರೇಡಿಯೋ ಅಂತಾರೆ. ಎದುರಿಗೆ ಅನ್ನೋ ಧೈರ್ಯ ಯಾರಿಗೂ ಇಲ್ಲ, ಆದರೆ ನನ್ನ ಕಿವಿ ಚೆನ್ನಾಗೇ ಇದೆ. ನಮ್ಮ ಯಜಮಾನರು ಹೋದ ಮೇಲೆ ಇದ್ದೊಬ್ಬ ಮಗಳ ಮನೆಗೆ ಬಂದೆ. ಅಳಿಯನ ಮನೆಯಲ್ಲಿ ಬಾಯಿ ಬಿಗಿಹಿಡಿದುಕೊಂಡಿರು ಅಂತ ನನ್ನ ತಂಗಿ ಬುದ್ಧಿ ಹೇಳಿ ಕಳಿಸಿದ್ದಳು. ಮೊದಲ ವರ್ಷ ಅವನನ್ನ ಬಹುವಚನದಲ್ಲಿ ಮಾತಾಡಿಸಿ ಸುಸ್ತಾದೆ, ಎರಡನೇ ವರ್ಷ ಏಕವಚನಕ್ಕೆ ಇಳಿದೆ. ಅವನು ಎರಡಕ್ಕೂ ಒಂದೇ ಥರ ತಲೆಯಾಡಿಸಿದ. ಮಾತಾಡೋ ಆಸಾಮಿಯೇ ಅಲ್ಲ ಅವನು. ಮಾತೆಲ್ಲ ನನಗೆ, ಕೆಲಸವೆಲ್ಲ ಅವನಿಗೆ ಅಂತ ಹಂಚಿಕೊಂಡ ಹಾಗೆ ಮನೆ ಚೆನ್ನಾಗೇ ನಡೀತಿತ್ತು.

ಒಂದೇ ಒಂದು ವಿಷಯಕ್ಕೆ ಮಾತ್ರ ಅವನು ಬಾಯಿ ಬಿಡ್ತಿದ್ದ. ಸೆಟ್ಟು ಕೊಡುವಾಗ ಪ್ರತಿಯೊಬ್ಬರಿಗೂ ಮೂರು ಮೂರು ಸಲ ಹೇಳೋನು: ಬಿಸಿನೀರು ಸೋಕಿಸಬೇಡಿ, ತಣ್ಣೀರಲ್ಲೇ ತೊಳೀರಿ, ಬಿಸಿ ತಗುಲಿದರೆ ಸೊಟ್ಟಗಾಗುತ್ತೆ, ಸೊಟ್ಟಗಾದರೆ ದೇವರೇ ಬಂದರೂ ಮತ್ತೆ ಬಾಯಲ್ಲಿ ಕೂರಲ್ಲ. ನನಗಂತೂ ಹನ್ನೆರಡು ವರ್ಷ ಹೇಳಿದ್ದಾನೆ. ಇನ್ನು ಅವನಿಗೊಂದು ಅಭ್ಯಾಸ ಇತ್ತು. ಸೆಟ್ಟು ತೀಡಿ ಮುಗಿದ ಮೇಲೆ ಬಾಯಿ ಹತ್ತಿರ ಹಿಡಿದು ಉಫ್ ಅಂತ ಊದಿ, ಧೂಳು ಹಾರಿಸಿ, ಬೆಳಕಿಗೆ ಹಿಡಿದು ನೋಡಿ, ಆಮೇಲೆ ಡಬ್ಬಿಗೆ ಹಾಕೋನು. ಕೆಲಸ ಕಲಿಸಿದವರು ಹಾಗೇ ಊದ್ತಿದ್ದರಂತೆ. ಮೂವತ್ತು ವರ್ಷ ಇವನೂ ಊದಿದ. ಊದಿದ ಮೇಲೇ ಅವನ ಮಟ್ಟಿಗೆ ಕೆಲಸ ಮುಗಿದ ಹಾಗೆ.

ಆ ಕಾಯಿಲೆ ಬಂತಲ್ಲ, ಲೋಕವೆಲ್ಲ ಬಾಗಿಲು ಹಾಕಿಕೊಂಡಿತು. ಮೊದಲು ಮುಚ್ಚಿದ್ದೇ ಹಲ್ಲಿನ ಕ್ಲಿನಿಕ್ಕುಗಳು. ಬಾಯಿ ಮುಚ್ಚಿಕೊಂಡು ಓಡಾಡಿ ಅಂತ ಸರ್ಕಾರವೇ ಹೇಳಿದ ಮೇಲೆ ಬಾಯಿ ತೆರೆಯೋರು ಯಾರು? ಅಳಿಯನ ಕೆಲಸ ಒಂದು ಮಂಗಳವಾರ ಮಧ್ಯಾಹ್ನಕ್ಕೆ ನಿಂತುಹೋಯ್ತು. ಮುಗಿಸಿಟ್ಟಿದ್ದ ಹನ್ನೊಂದು ಸೆಟ್ಟು ಹನ್ನೊಂದು ಡಬ್ಬಿಯಲ್ಲಿ ಶೆಲ್ಫಿನ ಮೇಲೇ ಉಳಿದವು. ಡಬ್ಬಿಗಳ ಮೇಲೆ ಹೆಸರಿರಲ್ಲ, ನಂಬರ್ ಇರುತ್ತೆ ಅಷ್ಟೇ. ನನ್ನ ಮಗಳು ಔಷಧಿ ಗೋಡೌನಿನಲ್ಲಿ ಪಾರ್ಸಲ್ ಕಟ್ಟೋ ಕೆಲಸದವಳು, ಅವಳಿಗೆ ರಜೆಯ ಮಾತೇ ಇಲ್ಲ. ಬೆಳಿಗ್ಗೆ ಆರಕ್ಕೆ ಹೋದರೆ ಸಂಜೆ ಏಳಕ್ಕೆ ಬರೋಳು. ಬಂದವಳು ಸ್ನಾನ ಮಾಡಿ, ನಮಗೆ ಅಂಟಿಸಬಾರದು ಅಂತ ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಊಟ ಮಾಡಿ ಮಲಗೋಳು. ಇಡೀ ದಿನ ಮನೆಯಲ್ಲಿ ನಾವಿಬ್ಬರೇ, ಅತ್ತೆ ಅಳಿಯ.

ಖಾಲಿ ಕೂತು ಗೊತ್ತಿಲ್ಲದ ಮನುಷ್ಯ. ದಿನಾ ಬೆಂಚು ಒರೆಸೋನು, ಚಾಕುಗಳನ್ನ ಉದ್ದದ ಪ್ರಕಾರ ಜೋಡಿಸೋನು, ಮತ್ತೆ ಕೆಡವಿ ಜೋಡಿಸೋನು. ಆಮೇಲೆ ಟಿವಿ ಮುಂದೆ ಕೂತು ಇವತ್ತು ಎಷ್ಟು ಜನ ಹೋದರು ಅಂತ ನೋಡೋನು. ಮೂರನೇ ವಾರ ಒಂದು ಕ್ಲಿನಿಕ್ಕಿನ ನರ್ಸ್ ಫೋನ್ ಮಾಡಿ, ನಾನೂರ ಹದಿನಾಲ್ಕು ಇನ್ನು ಬೇಡ ಅಂದಳು. ಯಾಕೆ ಅಂತ ಇವನು ಕೇಳಲಿಲ್ಲ, ಆ ಸೆಟ್ಟಿನವರು ಹೋಗಿಬಿಟ್ಟರು ಅಂತ ಅವಳೇ ಹೇಳಿದಳು. ಅದೇ ವಾರ ಇನ್ನೂ ಮೂರು ನಂಬರ್ ಹಾಗೇ ಹೋದವು. ಆಮೇಲೆ ನಮ್ಮ ಬೀದಿಯ ಪೋಸ್ಟ್‌ಮ್ಯಾನ್ ಹೋದ. ರಿಟೈರಾಗೋಕೆ ಎರಡು ತಿಂಗಳಿತ್ತು; ಬೀಳ್ಕೊಡುವಾಗ ತೆಗೆಯೋ ಫೋಟೋದಲ್ಲಿ ನಗಬೇಕು ಅಂತ ಅಳಿಯನ ಹತ್ತಿರ ಮೇಲಿನ ಸೆಟ್ಟು ಮಾಡಿಸಿಕೊಂಡಿದ್ದ. ಪ್ಲಾಸ್ಟಿಕ್ ಬಟ್ಟೆ ಹಾಕಿಕೊಂಡ ನಾಲ್ಕು ಜನ ಅವನನ್ನ ವ್ಯಾನಿಗೆ ಏರಿಸಿದ್ದನ್ನ ನಾವಿಬ್ಬರೂ ಕಿಟಕಿಯಿಂದ ನೋಡಿದೆವು.

ಈಗ ನನ್ನ ತಪ್ಪು ಹೇಳ್ತೀನಿ. ಎಲ್ಲ ಮುಚ್ಚೋಕೆ ಮುಂಚಿನ ವಾರ ಅಳಿಯನಿಗೆ ಎರಡು ದಿನ ಜ್ವರ ಬಂದು ಹೋಗಿತ್ತು. ಬರೀ ಶೀತ. ಕೆಲಸ ಬಿಟ್ಟಿರಲಿಲ್ಲ. ಪೋಸ್ಟ್‌ಮ್ಯಾನ್ ಹೋದ ಮಾರನೇ ದಿನ ಅವನು ಬೆಂಚಿನ ಮುಂದೆ ಕೂತು, ಯಾವತ್ತೋ ಮುಗಿದ ಒಂದು ಸೆಟ್ಟನ್ನ ಮತ್ತೆ ತೆಗೆದು ತೀಡಿ ಉಫ್ ಅಂತ ಊದಿದ. ಮನೆಯಲ್ಲಿ ಸ್ಮಶಾನದ ಮೌನ. ನನಗೆ ಮೌನ ಅಂದರೆ ಆಗಲ್ಲ. ಅವನನ್ನ ನಗಿಸೋಣ ಅಂತ, "ಊದು ಊದು, ಜ್ವರ ಬಂದಾಗಲೂ ಹೀಗೇ ಊದಿ ಊದಿ ಊರಿಗೆಲ್ಲ ಹಂಚಿದ್ದು ನೀನೇ ಇರಬೇಕು" ಅಂದುಬಿಟ್ಟೆ.

ಅವನು ನಗಲಿಲ್ಲ. ತಿರುಗಿ ನನ್ನನ್ನ ನೋಡಿದ. ಆಮೇಲೆ ಸೆಟ್ಟನ್ನ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿ ಎದ್ದು ಹೋದ. ತಮಾಷೆ ಗೊತ್ತಿಲ್ಲದ ಮನುಷ್ಯ ಅಂತ ನಾನು ಗೊಣಗಿಕೊಂಡೆ. ಅಷ್ಟೇ ನಡೆದದ್ದು. ಆ ಅಷ್ಟನ್ನೇ ಆಮೇಲೆ ಸಾವಿರ ಸಲ ನಡೆಸಿದ್ದೀನಿ ನನ್ನ ತಲೆಯೊಳಗೆ.

ಎರಡು ದಿನ ಕಳೀತು. ಅವನು ಮನೆಯೊಳಗೂ ಮಾಸ್ಕ್ ಹಾಕಿಕೊಳ್ಳೋಕೆ ಶುರು ಮಾಡಿದ, ಒಂದರ ಮೇಲೆ ಇನ್ನೊಂದು. ಮೂರನೇ ದಿನ ಶೆಲ್ಫಿನ ಮೇಲಿದ್ದ ಪ್ಲಾಸ್ಟರ್ ದವಡೆಗಳನ್ನೆಲ್ಲ ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟ. ಯಾಕೋ ಅಂದರೆ, ಉಸಿರಾಡ್ತಿವೆ ಅಂದ. ನಾನು ತಮಾಷೆಗೆ ಅಂದ ಅಂದುಕೊಂಡು ಖುಷಿಪಟ್ಟೆ ನೋಡಿ, ಅಯ್ಯೋ ನನ್ನ ಬುದ್ಧಿಯೇ. ನಾಲ್ಕನೇ ದಿನಕ್ಕೆ ಊಟ ಬಿಟ್ಟ. ನಿದ್ದೆಯಂತೂ ಮೊದಲೇ ಬಿಟ್ಟಿದ್ದ. ಬೆಳಿಗ್ಗೆ ನೋಡಿದರೆ ಹಾಸಿಗೆ ಹಾಸಿದ ಹಾಗೇ ಇರೋದು, ಕಣ್ಣು ಕೆಂಡದಂತಿರೋದು. ಬೆಂಚಿನ ಹತ್ತಿರ ನಿಂತು ಯಾರಿಗೋ ಸಣ್ಣ ದನಿಯಲ್ಲಿ ನಂಬರ್ ಹೇಳೋನು. ಯಾರ ಹತ್ತಿರ ಮಾತಾಡ್ತಿದ್ದೀಯ ಅಂದರೆ ನಾನೂರ ಹದಿನಾಲ್ಕು ಅನ್ನೋನು.

ಇಷ್ಟೆಲ್ಲ ನೋಡಿದ ನಾನು ಏನು ಮಾಡಿದೆ? ಏನೂ ಮಾಡಲಿಲ್ಲ. ಬೀದಿಗೆಲ್ಲ ಬಾಯಿ ಹಾಕೋ ರೇಡಿಯೋ ಸ್ವಂತ ಮಗಳಿಗೆ ಒಂದು ಮಾತು ಹೇಳಲಿಲ್ಲ. ಅವಳು ದಣಿದು ಬರ್ತಾಳೆ, ಬಾಗಿಲ ಆಚೆಯಿಂದ ಎಲ್ಲ ಸರಿಯಾ ಅಮ್ಮ ಅಂತ ಕೇಳ್ತಾಳೆ, ಸರಿ ಅಂತಿದ್ದೆ. ಅವಳಿಗೆ ತೊಂದರೆ ಕೊಡಬಾರದು ಅಂತ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹೇಳಿದರೆ ಶುರುವಾದದ್ದು ಹೇಗೆ ಅಂತ ಅವಳು ಕೇಳ್ತಾಳೆ, ಕೇಳಿದರೆ ನನ್ನ ಮಾತು ಹೊರಗೆ ಬರುತ್ತೆ ಅಂತ ಹೆದರಿದ್ದೆ.

ಆರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅವನು ಒಂದು ಬಕೆಟ್ ಹಿಡಿದು ಬೀದಿಗೆ ಹೋದ. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಗೇಟು ಗೇಟಿಗೂ ನಿಂತು ಬೆಲ್ ಒತ್ತಿ, ಹಲ್ಲು ತೊಳೆದು ಕೊಡ್ತೀನಿ, ಕೊಡಿ ಅಂದ. ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ ನೋಡಿ. ಜನ ಆಗ ತರಕಾರಿಗೆ ಸೋಪು ಹಚ್ಚಿ ತೊಳೀತಿದ್ದರು, ದುಡ್ಡಿನ ನೋಟಿಗೆ ಇಸ್ತ್ರಿ ಹಾಕ್ತಿದ್ದರು. ದವಡೆ ಮೇಷ್ಟ್ರೇ ಮನೆ ಬಾಗಿಲಿಗೆ ಬಂದು ಹಲ್ಲು ತೊಳೆದುಕೊಡ್ತಾರೆ ಅಂದರೆ ಬೇಡ ಅನ್ನೋರು ಯಾರು? ಹೆಡ್‌ಮಾಸ್ಟರ್ ಬಾಯಿಂದ ತೆಗೆದು, ಥ್ಯಾಂಕ್ಸ್ ಬೇರೆ ಹೇಳಿ ಬಕೆಟ್‌ಗೆ ಹಾಕಿದರು. ಟೈಲರ್‌ನ ತಾಯಿ ಕೊಟ್ಟಳು, ರಿಟೈರಾದ ಬಸ್ ಡ್ರೈವರ್ ಕೊಟ್ಟ, ಮೂಲೆ ಮನೆಯ ಗಂಡ ಹೆಂಡತಿ ಇಬ್ಬರೂ ಕೊಟ್ಟರು. ಒಟ್ಟು ಏಳು ಸೆಟ್ಟು ಸೇರಿಸಿಕೊಂಡು ಮನೆಗೆ ಬಂದ.

ಬಂದವನು ನನ್ನ ಮುಂದೆ ಅಂಗೈ ಚಾಚಿದ. ಮಾಸ್ಕಿನ ಮೇಲೆ ಕಣ್ಣಷ್ಟೇ ಕಾಣ್ತಿದ್ದವು. ಬಾಯಿಂದ ನನ್ನ ಸೆಟ್ಟು, ಮೇಲಿನದೂ ಕೆಳಗಿನದೂ, ತೆಗೆದು ಅವನ ಕೈಗಿಟ್ಟೆ. ಅವನು ಅಡುಗೆಮನೆಗೆ ಹೋಗಿ ದೊಡ್ಡ ಪಾತ್ರೆಯಲ್ಲಿ ನೀರಿಟ್ಟು ಒಲೆ ಹಚ್ಚಿದ. ನೀರು ಕೊತಕೊತ ಕುದಿಯೋಕೆ ಶುರುವಾಯ್ತು. ಎಂಟೂ ಸೆಟ್ಟನ್ನ ಒಂದೊಂದಾಗಿ ಅದರೊಳಗೆ ಬಿಟ್ಟ.

ನನಗೆ ನಿಜವಾಗಿ ಗೊತ್ತಾದದ್ದು ಆಗ. ಅದುವರೆಗೆ ಏನೋ ಬೇಜಾರು, ಏನೋ ಭಯ ಅಂದುಕೊಂಡಿದ್ದೆ. ಬಿಸಿನೀರು ಸೋಕಿಸಬೇಡಿ ಅಂತ ಮೂವತ್ತು ವರ್ಷ ಮೂರು ಮೂರು ಸಲ ಹೇಳಿದ ಬಾಯಿ ಅದು. ಆ ಕೈ ಹಲ್ಲನ್ನ ಕುದಿಯೋ ನೀರಿಗೆ ಹಾಕ್ತಿದೆ ಅಂದರೆ ಒಳಗಿರೋದು ನನ್ನ ಅಳಿಯನಲ್ಲ. ಒಲೆ ಆರಿಸೋಕೆ ಹೋದೆ, ಅವನು ಅಡ್ಡ ನಿಂತ. ಹೊಡೆಯಲಿಲ್ಲ, ಬೈಯಲಿಲ್ಲ, ಅಳ್ತಿದ್ದ. ನಾನು ಊದಿದ್ದರಲ್ಲೇ ಅವರೆಲ್ಲ ಹೋದದ್ದು ಅತ್ತೆ, ಉಳಿದವರನ್ನಾದರೂ ಉಳಿಸ್ತೀನಿ ಅಂದ. ಶೆಲ್ಫಿನ ಮೇಲಿರೋ ಸೆಟ್ಟು ಅವರ ಬಾಯಿಗೆ ಹೋಗೇ ಇಲ್ಲವಲ್ಲೋ ಅಂತ ಬೊಚ್ಚುಬಾಯಲ್ಲಿ ತೊದಲಿದೆ. ಅದಕ್ಕೂ ಅವನ ಹತ್ತಿರ ಉತ್ತರ ಇತ್ತು. ಬಾಯಿಗೆ ಹೋಗಬೇಕಾಗಿಲ್ಲವಂತೆ, ನಂಬರಿನ ಮೂಲಕ ಹೋಗುತ್ತಂತೆ, ಪ್ಲಾಸ್ಟರ್ ದವಡೆಗಳೇ ಅವನಿಗೆ ಹೇಳಿದವಂತೆ. ಅಷ್ಟು ಸಮಾಧಾನವಾಗಿ ಹೇಳಿದ ಅಂದರೆ, ಒಂದು ಗಳಿಗೆ ನನಗೇ ನಿಜವಿರಬಹುದು ಅನ್ನಿಸಿಬಿಟ್ಟಿತು.

ಮಗಳಿಗೆ ಫೋನ್ ಮಾಡಿದೆ. ಹಲ್ಲಿಲ್ಲದ ಬಾಯಲ್ಲಿ ನಾನು ಹೇಳಿದ್ದು ಅವಳಿಗೆ ಅರ್ಥವಾಗಲಿಲ್ಲ, ಅಳು ಮಾತ್ರ ಅರ್ಥವಾಗಿ ಓಡಿ ಬಂದಳು. ಆಂಬುಲೆನ್ಸಿನವರೂ ಪ್ಲಾಸ್ಟಿಕ್ ಬಟ್ಟೆಯಲ್ಲೇ ಬಂದರು. ಪೋಸ್ಟ್‌ಮ್ಯಾನ್‌ನ ಕರೆದುಕೊಂಡು ಹೋದವರೇ ಬಂದರು ಅಂತ ಅವನು ಮೇಜಿನ ಕೆಳಗೆ ಸೇರಿಕೊಂಡ. ಮಗಳು ಮಾಸ್ಕ್ ಕಿತ್ತು ಬಿಸಾಕಿ, ಅವನ ಪಕ್ಕ ನೆಲದ ಮೇಲೆ ಕೂತು, ಅವನ ಕೈ ಹಿಡಿದುಕೊಂಡಳು. ಒಂದು ತಿಂಗಳಲ್ಲಿ ಗಂಡ ಹೆಂಡತಿ ಮುಟ್ಟಿಕೊಂಡದ್ದು ಅದೇ ಮೊದಲು. ಮುಕ್ಕಾಲು ಗಂಟೆ ಆದ ಮೇಲೆ ಅವಳ ಹಿಂದೆ ಎದ್ದು ಹೋದ. ಬೀದಿಯ ಎಲ್ಲ ಕಿಟಕಿಯಲ್ಲೂ ಮುಖಗಳಿದ್ದವು.

ಆಸ್ಪತ್ರೆಯಲ್ಲಿ ಒಂಬತ್ತು ದಿನ ಇಟ್ಟುಕೊಂಡರು. ಮಾತ್ರೆ ಕೊಟ್ಟರು, ನಿದ್ದೆ ಮಾಡಿಸಿದರು. ಐದನೇ ದಿನ ಮಗಳಿಗೆ ಫೋನ್ ಮಾಡಿದಾಗ ಅವನ ದನಿ ಅವನದೇ ಆಗಿತ್ತಂತೆ. ಇವತ್ತು ಯಾವ ವಾರ, ಅತ್ತೆ ಊಟಕ್ಕೆ ಏನು ಮಾಡ್ತಿದ್ದಾರೆ ಅಂತ ಕೇಳಿದನಂತೆ. ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿ ಬಿಡಿಸಿ ಹೇಳಿದರು. ಇದು ಥಟ್ಟನೆ ಬಂದು ಕೆಲವು ದಿನದಲ್ಲೇ ಇಳಿಯೋ ಥರದ್ದು, ಈ ಭಯದ ಕಾಲದಲ್ಲಿ ಇಂಥವರನ್ನ ಇನ್ನೂ ನೋಡಿದ್ದೀನಿ, ಮತ್ತೆ ಬರಬಹುದು, ಬರದೆಯೂ ಇರಬಹುದು, ನಿದ್ದೆ ತಪ್ಪಿದರೆ ತಡ ಮಾಡದೆ ಕರೆದುಕೊಂಡು ಬನ್ನಿ ಅಂದರು. ಮಗಳು ಆಚೆ ಹೋದಾಗ ನಾನು ಕೇಳಿದೆ, ಯಾರೋ ಒಂದು ಮಾತು ಅಂದರೆ ಅದರಿಂದ ಹೀಗಾಗುತ್ತಾ ಅಂತ. ಒಂದು ಮಾತಿಗೆ ಅಷ್ಟು ಶಕ್ತಿ ಇರಲ್ಲ, ಭಯ, ನಿದ್ದೆಗೇಡು, ಸಾವು ಎಲ್ಲ ಸೇರಬೇಕು ಅಂದರು. ಒಳ್ಳೆ ಹೆಂಗಸು. ಅವರ ಮಾತು ನನ್ನ ಮನಸ್ಸಿಗೆ ಇಳಿಯಲಿಲ್ಲ.

ಅವನು ಮನೆಗೆ ಬಂದಾಗ ನಾವು ಸುಮ್ಮನೆ ಹಳೇ ಹಾಗೇ ಇರೋಣ ಅಂದುಕೊಂಡಿದ್ದೆವು. ಬಂದವನು ಮೊದಲು ಹೋಗಿ ಆ ಎಂಟು ಸೆಟ್ಟು ನೋಡಿದ. ಬಿಸಿಲಿಗೆ ಬಿಟ್ಟ ಮೇಣದ ಹಾಗೆ ಸೊಟ್ಟಗಾಗಿದ್ದವು. ಒಂದೊಂದನ್ನೂ ಡಬ್ಬಿಗೆ ಹಾಕಿ, ನಂಬರಿನ ಬದಲು ಅವರವರ ಹೆಸರು ಬರೆದು ಶೆಲ್ಫಿನಲ್ಲಿಟ್ಟ. ಬೆಂಚಿನ ಮೇಲೆ ಹಳೇ ಬೆಡ್‌ಶೀಟ್ ಹೊದಿಸಿದ. ಅಲ್ಲಿಗೆ ಮುಗಿಯಿತು.

ಕ್ಲಿನಿಕ್ಕುಗಳು ತೆರೆದವು. ಒಬ್ಬ ಡಾಕ್ಟರು ಕೆಲಸ ಕಳಿಸೋದು ನಿಲ್ಲಿಸಿದರು. ಇನ್ನಿಬ್ಬರು ಕಳಿಸಿದರು, ಇವನೇ ವಾಪಸ್ ಕಳಿಸಿದ. ಹೆಡ್‌ಮಾಸ್ಟರ್ ಗೇಟಿನ ಹತ್ತಿರ ಬಂದು, ನಿಧಾನಕ್ಕೆ ಮಾಡಿಕೊಡಪ್ಪ, ಪಾಠ ಮಾಡೋದೇನೂ ಇಲ್ಲ ಈಗ ಅಂದು ಹೋದರು. ಟೈಲರ್ ಮಾತ್ರ, ತಲೆ ಕೆಟ್ಟವನ ಕೈಯನ್ನ ಅಮ್ಮನ ಬಾಯಿಗೆ ಹಾಕಿಸಲ್ಲ ಅಂತ ಬೀದಿಯಲ್ಲೇ ನಿಂತು ಹೇಳಿದ. ಹಲ್ಲಿದ್ದಿದ್ದರೆ ಅವನಿಗೆ ಸರಿಯಾಗಿ ಬುದ್ಧಿ ಕಲಿಸ್ತಿದ್ದೆ. ಇಲ್ಲದ್ದಕ್ಕೆ ಬಾಗಿಲು ದಢಾರಂತ ಹಾಕಿಕೊಂಡೆ. ಒಳಗೆ ಅಳಿಯ ಎಲ್ಲ ಕೇಳಿಸಿಕೊಂಡು ಕೂತಿದ್ದ, ಟಿವಿ ಆಫ್ ಆಗಿತ್ತು.

ಮಗಳು ನನ್ನನ್ನ ಬೇರೆ ಕ್ಲಿನಿಕ್ಕಿಗೆ ಕರೆದಳು. ಹೋಗಲ್ಲ ಅಂದೆ. ಅವಳು ಬೈದಳು, ನಾನೂ ಬೈದೆ, ನನ್ನ ಬೈಗುಳ ಅವಳಿಗೆ ತಿಳಿಯಲಿಲ್ಲ. ನನ್ನದು ಹಟವೇ. ಈ ಬಾಯಿಗೆ ಅವನು ಹಲ್ಲು ಕಟ್ಟದಿದ್ದರೆ ಇನ್ಯಾರ ಬಾಯಿಗೂ ಕಟ್ಟಲ್ಲ ಅಂತ ನನಗೆ ಖಾತ್ರಿ ಇತ್ತು. ಹಾಗಂತ ಬಾಯಿ ಬಿಟ್ಟು ಕೇಳೋ ಮುಖವೂ ಇರಲಿಲ್ಲ. ನಾಲ್ಕು ತಿಂಗಳು ಹಾಲಲ್ಲಿ ನೆನೆಸಿದ ಬ್ರೆಡ್ಡು ತಿಂದೆ. ಕೆನ್ನೆ ಒಳಗೆ ಹೋಯ್ತು, ಬಟ್ಟೆ ಸಡಿಲವಾದವು. ಕ್ಷಮಿಸು ಅನ್ನೋ ಒಂದು ಮಾತನ್ನ ದಿನಾ ಬೆಳಿಗ್ಗೆ ಸಿದ್ಧ ಮಾಡಿಕೊಳ್ತಿದ್ದೆ, ಅವನ ಮುಂದೆ ನಿಂತರೆ ಕಾಫಿ ಬೇಕಾ ಅಂತ ಬರೋದು.

ಒಂದು ಮಧ್ಯಾಹ್ನ ಬಚ್ಚಲ ಹತ್ತಿರ ತಲೆ ಸುತ್ತಿ ಬಿದ್ದೆ. ಅಳಿಯನೇ ಎತ್ತಿ ತಂದು ಮಲಗಿಸಿದ. ಎತ್ತಿದಾಗ ನಾನೆಷ್ಟು ಹಗುರ ಅಂತ ಅವನಿಗೆ ಗೊತ್ತಾಯ್ತು, ಅವನ ಮುಖದಲ್ಲೇ ಕಂಡೆ. ಮಾರನೇ ದಿನ ಬೆಳಿಗ್ಗೆ ಮುಂದಿನ ಕೋಣೆಯಿಂದ ಬಟ್ಟಲಲ್ಲಿ ಏನೋ ಕಲಸೋ ಸದ್ದು ಬಂತು. ಹೋಗಿ ನೋಡಿದರೆ ಬೆಂಚಿನ ಮೇಲೆ ಬೆಡ್‌ಶೀಟ್ ಇರಲಿಲ್ಲ. ಕುರ್ಚಿಯನ್ನ ಕಿಟಕಿಯ ಬೆಳಕಿಗೆ ತಿರುಗಿಸಿಟ್ಟಿದ್ದ. ಕೂತುಕೊಳ್ಳಿ ಅಂದ.

ಅಚ್ಚು ತೆಗೆಯೋದು ಹೇಗೆ ಅಂತ ಗೊತ್ತಿಲ್ಲದವರಿಗೆ ಹೇಳ್ತೀನಿ. ಕುದುರೆ ಲಾಳದಂಥ ತಟ್ಟೆಯಲ್ಲಿ ಗುಲಾಬಿ ಬಣ್ಣದ ಹಿಟ್ಟು ತುಂಬಿ ಬಾಯೊಳಗೆ ಒತ್ತಿ ಹಿಡೀತಾರೆ. ಅದು ಗಟ್ಟಿಯಾಗೋಕೆ ಮೂರು ನಿಮಿಷ ಬೇಕು. ಆ ಮೂರು ನಿಮಿಷ ಮಾತಾಡಬಾರದು, ನುಂಗಬಾರದು, ದವಡೆ ಕೂದಲೆಳೆಯಷ್ಟೂ ಅಲ್ಲಾಡಬಾರದು. ಇವತ್ತು ಹೇಳಿಯೇ ತೀರ್ತೀನಿ ಅಂತ ನಾನು ಬಾಯಿ ತೆಗೆದೆ. ಅವನು ತಟ್ಟೆ ಒಳಗಿಟ್ಟ. ನನ್ನ ಕ್ಷಮಿಸು ಹಿಟ್ಟಿನ ಹಿಂದೆ ಉಳಿಯಿತು.

ಅವನು ನನ್ನ ಹಿಂದೆ ನಿಂತು, ಎರಡೂ ಕೈಬೆರಳಲ್ಲಿ ತಟ್ಟೆ ಒತ್ತಿ ಹಿಡಿದಿದ್ದ. ಮುಖ ಕಾಣ್ತಿರಲಿಲ್ಲ. ಎದುರಿಗೆ ಗಡಿಯಾರ, ಅದರ ಕೆಳಗೆ ಹೆಸರು ಬರೆದ ಡಬ್ಬಿಗಳು. ಅವನು ಮಾತಾಡೋಕೆ ಶುರು ಮಾಡಿದ. ಇಷ್ಟು ವರ್ಷದಲ್ಲಿ ಅವನು ಅಷ್ಟುದ್ದ ಮಾತಾಡಿದ್ದನ್ನ ನಾನು ಕೇಳಿರಲಿಲ್ಲ.

"ಅತ್ತೆ, ನನಗೆ ಎಲ್ಲ ನೆನಪಿದೆ. ಡಾಕ್ಟರ ಹತ್ತಿರ ಅರ್ಧ ನೆನಪಿಲ್ಲ ಅಂದೆ, ಅದು ಸುಳ್ಳು. ಊದೋ ವಿಷಯ ನೀವು ಅಂದದ್ದೂ ನೆನಪಿದೆ. ಅದು ನಿಮ್ಮಿಂದ ಶುರುವಾದದ್ದಲ್ಲ. ನಾಲ್ಕು ದಿನದಿಂದ ನಾನು ಅದನ್ನೇ ಅಂದುಕೊಳ್ತಿದ್ದೆ. ನೀವು ಅಂದಾಗ ಒಂಥರಾ ಸಮಾಧಾನ ಆಯ್ತು, ಇನ್ನೊಬ್ಬರಿಗೂ ಗೊತ್ತಾಗಿದೆ ಅಂತ."

ಗಡಿಯಾರದಲ್ಲಿ ಒಂದು ನಿಮಿಷವೂ ಆಗಿರಲಿಲ್ಲ. ನನ್ನ ಕಣ್ಣಲ್ಲಿ ನೀರು ತುಂಬಿತು. ಅವನು ಮತ್ತೆ ಹೇಳಿದ.

"ಈಗ ನನಗೆ ಭಯ ಒಂದೇ. ಅದು ಮತ್ತೆ ಬಂದರೆ ನನಗೆ ಗೊತ್ತಾಗಲ್ಲ. ಅವತ್ತೂ ಗೊತ್ತಾಗಲಿಲ್ಲ, ಎಲ್ಲ ಸರಿಯಾಗೇ ಕಾಣ್ತಿತ್ತು. ನಿಮಗೆ ಗೊತ್ತಾಗಿತ್ತು. ನೀವು ದಿನಾ ನನ್ನನ್ನ ನೋಡ್ತಿದ್ರಿ, ನನಗದು ಕಾಣ್ತಿತ್ತು. ಆದರೆ ಯಾರಿಗೂ ಹೇಳಲಿಲ್ಲ. ಇನ್ನು ಮೇಲೆ ಸುಮ್ಮನಿರಬೇಡಿ ಅತ್ತೆ. ನೀವು ಸುಮ್ಮನಿದ್ದರೆ ನಾನು ಯಾರನ್ನ ನಂಬಲಿ?"

ಜೀವಮಾನವೆಲ್ಲ ಬಾಯಿ ಮುಚ್ಚು ಅಂತ ಕೇಳಿಸಿಕೊಂಡು ಬಂದವಳು ನಾನು. ನಮ್ಮಮ್ಮ ಹೇಳಿದ್ದಳು, ಯಜಮಾನರು ಹೇಳಿದ್ದರು, ತಂಗಿ ಹೇಳಿ ಕಳಿಸಿದ್ದಳು. ಸುಮ್ಮನಿರಬೇಡಿ ಅಂತ ಒಬ್ಬರು ಬೇಡಿಕೊಂಡದ್ದು ಅದೇ ಮೊದಲು, ಅದೂ ನನ್ನ ಬಾಯಿ ಕಟ್ಟಿಹಾಕಿ. ಎದೆಯಿಂದ ಎದ್ದ ಅಳು ಗಂಟಲಿಗೆ ಬಂತು, ಗಂಟಲಿಂದ ದವಡೆಗೆ ಬಂತು. ಎಷ್ಟು ಬಿಗಿಹಿಡಿದರೂ ನಿಲ್ಲಲಿಲ್ಲ.

ಅವನು ತಟ್ಟೆ ತೆಗೆದು ಬೆಳಕಿಗೆ ಹಿಡಿದು ನೋಡಿದ. ಅಚ್ಚು ಒಂದು ಕಡೆ ಜಾರಿ ಹೋಗಿತ್ತು. ಕೆಟ್ಟುಹೋಯ್ತು, ಅಲ್ಲಾಡಿಬಿಟ್ರಿ ಅಂದ. ಗದರಲಿಲ್ಲ.

ಬಾಯಿ ಖಾಲಿಯಾಗಿತ್ತು. ನಾಲ್ಕು ತಿಂಗಳಿಂದ ಸಿದ್ಧ ಮಾಡಿಟ್ಟುಕೊಂಡಿದ್ದ ಮಾತು ಹುಡುಕಿದೆ, ಅದು ಈಗ ಬೇಕಾಗಿರಲಿಲ್ಲ. ಸೆರಗಲ್ಲಿ ಮೂಗು ಒರೆಸಿಕೊಂಡು ಅವನ ಕಡೆ ತಿರುಗಿದೆ. "ರಾತ್ರಿ ನಿದ್ದೆ ಬಂತೇನೋ?" ಅಂತ ಕೇಳಿದೆ.

ಮೂರು ಗಂಟೆ ಹೊತ್ತು ಬಂತು ಅಂದ. ಸಾಲದು, ಸಂಜೆ ಅವಳು ಬಂದ ಕೂಡಲೇ ಹೇಳ್ತೀನಿ ಅಂದೆ. ಹೇಳಿ ಅಂದ. ಬಟ್ಟಲಿಗೆ ಹೊಸ ಹಿಟ್ಟು ಹಾಕಿ, ನೀರು ಸುರಿದು, ಗಂಟಿಲ್ಲದ ಹಾಗೆ ಕಲಸಿ ತಟ್ಟೆಗೆ ತುಂಬಿದ. ಬಾಯಿ ತೆಗೀರಿ ಅಂದ. ತೆಗೆದೆ.